ಮಡಿ ಉಸುಕು

ನಮ್ಮ ಸೀಮೆಯಲ್ಲಿ ಮರಳು ಅಂದರೆ ಪುಸ್ತಕದ ಮಾತು. ಉಸುಕು ಅನ್ನಬೇಕು. ಹಳ್ಳದ ಉಸುಕು, ಹೊಳೆಯ ಉಸುಕು, ಈಗೀಗ ಖಡಿ ಮಷಿನ್ನಿನಿಂದ ಬೀಳುವ ಪುಡಿ ಉಸುಕು, ಮುದಗಲ್ಲಿನ ಕೂಲಿಕಾರನಿಗೆ ಗೊತ್ತಿರುವುದು ಇವು ಮೂರೇ. ಉಸುಕಿನಲ್ಲೂ ಮಡಿಯ ಉಸುಕು, ಮೈಲಿಗೆಯ ಉಸುಕು ಎಂದು ಎರಡಿದೆ ಎಂದು ನನಗೆ ಹೇಳಿಕೊಟ್ಟವನು ಒಬ್ಬ ಏಜೆಂಟ.

ನಮಗೆ ಎರಡೆಕರೆ ಮಸಾರಿ ಹೊಲ ಇದೆ. ಮಣ್ಣಿಗಿಂತ ಕಲ್ಲೇ ಹೆಚ್ಚು. ನಮ್ಮಪ್ಪ ಆರಿಸಿ ಆರಿಸಿ ಬದುವಿಗೆ ಹಾಕಿದ ಬೆಣಚುಕಲ್ಲಿನ ಗುಂಪಿ ದೂರದಿಂದ ನೋಡಿದರೆ ಕುರಿ ಮಲಗಿದ ಹಾಗೆ ಕಾಣುತ್ತದೆ. ಒಂದು ಮುಂಜಾನೆ ಮೋಟಾರ್ ಸೈಕಲ್ಲಿನ ಮೇಲೆ ಬಂದ ಆ ಮನುಷ್ಯ ಗುಂಪಿಯ ಮುಂದೆ ಕುಕ್ಕರಗಾಲಲ್ಲಿ ಕುಂತು ಒಂದೊಂದೇ ಕಲ್ಲನ್ನು ಬಿಸಿಲಿಗೆ ಹಿಡಿದು ನೋಡತೊಡಗಿದ.

"ಎಮ್ಮಾ, ಈ ಬಿಳಿ ಕಲ್ಲು ನಿಮ್ಮ ಹೊಲದಾಗ ಎಷ್ಟು ಅದ?" ಅಂತ ನಮ್ಮವ್ವನನ್ನು ಕೇಳಿದ.

"ಎಷ್ಟರ ಅದಪಾ. ಎಲ್ಲಾ ಹೇರಿಕೊಂಡು ಹೋಗು, ನಾಕು ಸಾಲು ಸಜ್ಜಿ ಬಿತ್ತಾಕ ಜಾಗ ಆಗ್ತದ."

ಆತ ನಗಲಿಲ್ಲ. ನನ್ನ ಕಡೆ ತಿರುಗಿ, "ಲ್ಯಾಬಿಗೆ ಕಳಸ್ತೀನ್ರಿ ಸರ. ತೊಂಬತ್ತೊಂಬತ್ತರ ಮ್ಯಾಲ ಪ್ಯೂರ್ ಬಂದ್ರ ರೇಟ ಬ್ಯಾರೆ. ಗಾಜಿಗೆ ಹೋಗ್ತದ, ಸೋಲಾರ್ ಪ್ಲೇಟಿಗೆ ಹೋಗ್ತದ. ಅಮೆರಿಕದಾಗ ಅಂತೂ ಇಂಥಾ ಪ್ಯೂರ್ ಉಸುಕು ಎಣ್ಣಿ ಬಾವ್ಯಾಗ ಸುರೀತಾರ" ಅಂದ.

ನಮ್ಮವ್ವ ಕೈಯಲ್ಲಿದ್ದ ಕುಡಗೋಲು ಕೆಳಗಿಟ್ಟಳು. "ಬಾವ್ಯಾಗಿನ ಉಸುಕು ಎತ್ತಿ ಹೊರಗ ಹಾಕೋರನ್ನ ಕಂಡೀನಿ. ಬಾವ್ಯಾಗ ಉಸುಕು ಸುರಿಯೋರನ್ನ ಇವತ್ತ ಕೇಳಿದೆ ನೋಡು."

ಬಿಸಿಲು ಏರಿತ್ತು. ಅವ್ವ ತಂಬಿಗೆಯಲ್ಲಿ ನೀರು ತಂದಳು. ಆತ ತಂಬಿಗೆ ಮುಟ್ಟುವ ಮೊದಲು, "ಊರಾಗ ನೀವು ಯಾವ ಓಣ್ಯಾಗ ಇರ್ತೀರಿ?" ಅಂತ ಕೇಳಿದ. ಹೇಳಿದೆ. "ಬ್ಯಾಡ್ರಿ, ಈಗ ಕುಡದೇ ಬಂದೀನಿ" ಅಂದ. ನಮ್ಮ ಹೊಲದ ಕಲ್ಲು, ನಮ್ಮಪ್ಪ ಮುಟ್ಟಿ ಆರಿಸಿದ ಕಲ್ಲು, ಆತನ ಚೀಲದಲ್ಲಿ ತುಂಬಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಹೋದ. ಕಲ್ಲಿಗೆ ಮೈಲಿಗೆ ತಟ್ಟುವುದಿಲ್ಲ, ನೀರಿಗೆ ತಟ್ಟುತ್ತದೆ. ಈ ಶಾಸ್ತ್ರ ಯಾರು ಬರೆದರೋ!

ಬೆಣಚುಕಲ್ಲು ನಮಗೆ ಹೊಸದಲ್ಲ. ಸಣ್ಣವರಿದ್ದಾಗ ರಾತ್ರಿ ಎರಡು ಕಲ್ಲು ಉಜ್ಜಿ ಬೆಳಕು ಹುಟ್ಟಿಸಿ ಆಡಿದ್ದೇವೆ. ಕುಂಟೆ ಹೊಡೆಯುವಾಗ ಕುಡಕ್ಕೆ ಬಡಿದು ಕಿಡಿ ಹಾರುವುದು ಅದೇ ಕಲ್ಲಿಗೆ. ಲಿಂಗಸುಗೂರಿನ ಆಚೆ ಹಟ್ಟಿಯಲ್ಲಿ ಬಂಗಾರ ಸಿಗುವುದೂ ಬೆಣಚಿನ ಎಳೆಗಳಲ್ಲೇ. ಒಂದು ಟನ್ ಕಲ್ಲು ಅರೆದರೆ ಕೆಲವೇ ಗ್ರಾಂ ಬಂಗಾರ, ಉಳಿದದ್ದೆಲ್ಲ ಪುಡಿ. ಅಲ್ಲಿ ಸುಮಾರು 2000 ವರ್ಷದ ಹಿಂದೆಯೇ ಜನ ನೂರಾರು ಅಡಿ ಆಳಕ್ಕೆ ಇಳಿದು ಕಲ್ಲು ತೆಗೆದಿದ್ದಾರೆ. ಸುತ್ತಿನ ಬಂಡೆಗಳ ಮೇಲೆ ಇವತ್ತಿಗೂ ಒರಳಿನಂಥ ಕುಳಿಗಳಿವೆ, ಬಂಗಾರದ ಕಲ್ಲನ್ನು ಕುಟ್ಟಿ ಕುಟ್ಟಿ ಆದ ಕುಳಿಗಳು. ಕುಟ್ಟಿದವರ ಹೆಸರು ಯಾವ ಬಂಡೆಯ ಮೇಲೂ ಇಲ್ಲ. ಹೆಸರು ಇರುವುದು ಮಸ್ಕಿಯ ಬಂಡೆಯ ಮೇಲೆ, ಅದೂ ಅಶೋಕನದು. ಆ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಎಂಬ ಬಂಗಾರದ ಗಣಿಯ ಎಂಜಿನಿಯರ್. ಧರ್ಮದ ದಾರಿ ದೊಡ್ಡವರಿಗೆ ಮಾತ್ರ ದಕ್ಕುತ್ತದೆ ಎಂದು ತಿಳಿಯಬೇಡಿ, ಸಣ್ಣವರಿಗೂ ದಕ್ಕುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಶಾಲೆಯಲ್ಲಿ ನಮಗೆ ಅಶೋಕನ ಹೆಸರು ಸಿಕ್ಕಿತು ಎಂದಷ್ಟೇ ಹೇಳಿದರು, ಆ ಮಾತು ಹೇಳಲಿಲ್ಲ.

ಇರಲಿ. ಏಜೆಂಟ ಹೇಳಿದ ಎಣ್ಣೆ ಬಾವಿಯ ಕತೆ ತಲೆಯಲ್ಲಿ ಉಳಿಯಿತು. ಓದಿ ತಿಳಿದುಕೊಂಡೆ. ನೆಲದ ಕೆಳಗೆ ಒಂದೆರಡು ಮೈಲು ಆಳದಲ್ಲಿ ಗಟ್ಟಿ ಕಲ್ಲಿನ ಪದರದೊಳಗೆ ಎಣ್ಣೆ, ಅನಿಲ ಸಿಕ್ಕಿಕೊಂಡಿರುತ್ತವೆ. ತೂತು ಕೊರೆದರೂ ತಾವಾಗಿ ಹರಿದು ಬರುವುದಿಲ್ಲ. ಅದಕ್ಕೆ ನೀರು, ರಾಸಾಯನಿಕ, ಉಸುಕು ಕಲಸಿ ಭಾರಿ ಒತ್ತಡದಿಂದ ಕೆಳಗೆ ನುಗ್ಗಿಸುತ್ತಾರೆ. ಕಲ್ಲು ಬಿರುಕು ಬಿಡುತ್ತದೆ. ಒತ್ತಡ ತೆಗೆದ ಕೂಡಲೇ ಬಿರುಕು ಮತ್ತೆ ಮುಚ್ಚಿಕೊಳ್ಳಬೇಕು, ಆದರೆ ಒಳಗೆ ಸೇರಿದ ಉಸುಕಿನ ಕಾಳು ಮುಚ್ಚಲು ಬಿಡುವುದಿಲ್ಲ. ಗಾಳಿಗೆ ಬಾಗಿಲು ಮುಚ್ಚದ ಹಾಗೆ ಸಂದಿಗೆ ಒಂದು ಕಲ್ಲು ಕೊಡುತ್ತೇವಲ್ಲ, ಅಷ್ಟೇ ಕೆಲಸ. ಅಮೆರಿಕದಲ್ಲಿ 1949ರಿಂದ ಇದು ವ್ಯಾಪಾರವಾಗಿ ನಡೆದಿದೆ. ಈ ಶತಮಾನದಲ್ಲಿ ಅದು ಹುಚ್ಚು ಹೊಳೆಯಾಯಿತು. ಒಂದೊಂದು ಬಾವಿಗೆ ಸಾವಿರಾರು ಟನ್ ಉಸುಕು. ವಿಸ್ಕಾನ್ಸಿನ್ ಎಂಬ ರಾಜ್ಯದಲ್ಲಿ ಸುಮಾರು 50 ಕೋಟಿ ವರ್ಷ ಹಳೆಯ ಮರಳುಗಲ್ಲಿನ ಗುಡ್ಡಗಳನ್ನು ಕಡಿದು ರೈಲಿಗೆ ತುಂಬಿದರು. ಆಮೇಲೆ ಟೆಕ್ಸಾಸಿನ ಬಾವಿಗಳ ಹತ್ತಿರವೇ ಅಗ್ಗದ ಉಸುಕು ಸಿಕ್ಕಿತು, ವಿಸ್ಕಾನ್ಸಿನ್ನಿನ ಎಷ್ಟೋ ಗಣಿಗಳಿಗೆ 2019, 2020ರಲ್ಲಿ ಬೀಗ ಬಿತ್ತು. ಗುಡ್ಡ ಹೋದದ್ದು ಹೋಯಿತು. ನಮ್ಮ ದೇಶದಲ್ಲೂ ರಾಜಸ್ಥಾನದ ಬಾಡಮೇರ್ ಕಡೆ ರಾಗೇಶ್ವರಿ ಅನಿಲ ಬಾವಿಗಳಲ್ಲಿ ಇದೇ ವಿದ್ಯೆ ನಡೆದಿದೆ.

ಈ ಕೆಲಸಕ್ಕೆ ಎಂಥ ಉಸುಕಾದರೂ ಆಗುವುದಿಲ್ಲ. ನೂರಕ್ಕೆ 99 ಪಾಲು ಸಿಲಿಕ, ಅಂದರೆ ಬರೀ ಬೆಣಚು ಇರಬೇಕು. ಕಾಳು ದುಂಡಗಿರಬೇಕು, ಗಾತ್ರ ಒಂದೇ ಸಮ ಇರಬೇಕು, ಮೇಲೆ ಬೆಟ್ಟ ಕುಂತರೂ ಪುಡಿಯಾಗಬಾರದು. ನಮ್ಮ ಬದುವಿನ ಬೆಣಚು ಎಷ್ಟೇ ಬೆಳ್ಳಗಿದ್ದರೂ ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ. ಮಷಿನ್ನಿಗೆ ಹಾಕಿ ಒಡೆದರೆ ಅದು ಮೂಲೆ ಮೂಲೆಯಾಗಿ ಒಡೆಯುತ್ತದೆ, ಅಲಗಿನ ಹಾಗೆ. ದುಂಡಗಾಗಬೇಕಾದರೆ ಗಾಳಿ, ನೀರು ಲಕ್ಷಾಂತರ ವರ್ಷ ಉರುಳಿಸಿರಬೇಕು. ಹಾಗಾಗಿ ನಮ್ಮ ಕಲ್ಲು ಹೋದರೆ ಗಾಜಿಗೆ, ಪಿಂಗಾಣಿಗೆ, ಉಕ್ಕಿನ ಕುಲುಮೆಗೆ ಹೋಗಬಹುದು, ಎಣ್ಣೆ ಬಾವಿಗಲ್ಲ. ಏಜೆಂಟ ನಮ್ಮವ್ವನ ಮುಂದೆ ಅಮೆರಿಕದ ಹೆಸರು ಹೇಳಿದ್ದು ರೇಟಿನ ಆಸೆ ಹಚ್ಚಲಿಕ್ಕೆ.

ಉಸುಕಿನ ಮಡಿ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಸುಕಿಗೆ ದೊಡ್ಡ ಮೈಲಿಗೆ ಎಂದರೆ ಕಬ್ಬಿಣ. ನೂರರಲ್ಲಿ ಅರ್ಧ ಪಾಲು ಕಬ್ಬಿಣದ ಅಂಶ ಇದ್ದರೂ ಸಾಕು, ಗಾಜು ಹಸಿರು ತಿರುಗುತ್ತದೆ. ಅದನ್ನು ತೆಗೆಯಲಿಕ್ಕೆ ತೊಳೆಯುತ್ತಾರೆ, ಜರಡಿ ಹಿಡಿಯುತ್ತಾರೆ, ಮತ್ತೆ ತೊಳೆಯುತ್ತಾರೆ, ಅಯಸ್ಕಾಂತ ಆಡಿಸುತ್ತಾರೆ. ಕುಡಿಯುವ ನೀರಿಗೆ ಜನ ಕೊಡ ಹಿಡಿದು ನಿಲ್ಲುವ ಊರುಗಳಲ್ಲಿ ಉಸುಕಿಗೆ ದಿನಕ್ಕೆ ನಾಕು ಸ್ನಾನ. ಉತ್ತರಪ್ರದೇಶದ ಶಂಕರಗಢ, ಆಂಧ್ರದ ನೆಲ್ಲೂರು ಕಡೆಯ ಗೂಡೂರು, ಕೇರಳದ ಚೇರ್ತಲ, ಮಹಾರಾಷ್ಟ್ರದ ಸಿಂಧುದುರ್ಗ, ನಮ್ಮ ದೇಶದ ಒಳ್ಳೆಯ ಸಿಲಿಕ ಉಸುಕಿನ ಊರುಗಳು ಇವು.

ಶಂಕರಗಢದ ಉಸುಕು ಫಿರೋಜಾಬಾದಿಗೆ ಹೋಗಿ ಬಳೆಯಾಗುತ್ತದೆ. ಮೊಹರಮ್ಮಿನಲ್ಲಿ ಮುದಗಲ್ ಕೋಟೆಯ ಮುಂದೆ ಬಳೆಗಾರರು ಸಾಲು ಹಚ್ಚುತ್ತಾರಲ್ಲ, ಆ ಬಳೆಗಳ ತವರುಮನೆ ಅದು. ಅಲ್ಲಿ ಉಸುಕು ತೋಡಿದವರು ಕೋಲ್ ಜನ. ಉತ್ತರಪ್ರದೇಶದಲ್ಲಿ ಅವರು ಪರಿಶಿಷ್ಟ ಜಾತಿ. ಅಪ್ಪ ಮಾಡಿದ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ, ಹೀಗೆ ಗುತ್ತೇದಾರನ ಗಣಿಯಲ್ಲಿ ಜೀತ. 1990ರ ದಶಕದ ಕೊನೆಗೆ ಆ ಜನ, ಅದರಲ್ಲೂ ಹೆಣ್ಣುಮಕ್ಕಳು, ಸಂಘ ಕಟ್ಟಿ ತಮ್ಮದೇ ಹೆಸರಿನಲ್ಲಿ ಗಣಿಯ ಗುತ್ತಿಗೆ ಕೇಳಿದರು. ಕೆಲವು ಹಳ್ಳಿಗಳಲ್ಲಿ ಪಡೆದೂ ಪಡೆದರು. ಮಡಿ ಉಸುಕನ್ನು ಮಡಿ ಮಾಡುವವರು ಯಾರು ಎಂದು ಹುಡುಕುತ್ತ ಹೋದರೆ, ಹೋದಲ್ಲೆಲ್ಲ ಮೈಲಿಗೆಯವರು ಅನಿಸಿಕೊಂಡವರೇ ಸಿಗುತ್ತಾರೆ.

ಇನ್ನೊಂದು ಮಾತು ಏಜೆಂಟ ಹೇಳಲಿಲ್ಲ. ಕಲ್ಲಿನಲ್ಲಿ ಸಿಲಿಕ ಹೆಚ್ಚಿದಷ್ಟೂ ಅದರ ಧೂಳು ಮನುಷ್ಯನಿಗೆ ಕೆಟ್ಟದ್ದು. ಜೇಡಿಮಣ್ಣು ಬೆರೆತಿದ್ದರೆ ಧೂಳಿನ ಹಲ್ಲು ಸ್ವಲ್ಪ ಮೊಂಡಾಗುತ್ತದೆ. ತೊಳೆದು ಒಣಗಿಸಿದ, ಮಡಿಯಾದ ಉಸುಕಿಗೆ ಆ ಮೊಂಡುತನವೂ ಇಲ್ಲ. ಅದರಲ್ಲೂ ಆಗತಾನೆ ಒಡೆದ ಕಲ್ಲಿನ ಧೂಳು ಹಳೆಯ ಧೂಳಿಗಿಂತ ಹೆಚ್ಚು ವಿಷ. ಗಾಜಿನ ಕಂಪನಿಯ ಕಣ್ಣಿಗೆ ಯಾವುದು ಶುದ್ಧವೋ ಒಡೆಯುವವನ ಪುಪ್ಪುಸಕ್ಕೆ ಅದೇ ಸಾವು.

ಇದನ್ನು ನಾನು ಪುಸ್ತಕದಿಂದ ಕಲಿಯುವ ಮೊದಲೇ ನಮ್ಮ ದೊಡ್ಡಪ್ಪನ ಎದೆಯಲ್ಲಿ ಕೇಳಿದ್ದೆ. ದೊಡ್ಡಪ್ಪ ಬೆಣಚು ಒಡೆದವನಲ್ಲ, ಗ್ರಾನೈಟಿನ ಕ್ವಾರಿಯಲ್ಲಿ ದುಡಿದವನು. ಗ್ರಾನೈಟಿನಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಒಂದು ಪಾಲು ಬೆಣಚೇ ಇರುತ್ತದೆ. ಮೊದಲು ಚಾಣ, ಸುತ್ತಿಗೆ. ಆಮೇಲೆ ಗಾಳಿ ಮಷಿನ್ನಿನ ಕೊರಪಿ ಬಂತು. ನೀರು ಬಿಡದೆ ಒಣಾ ಕೊರೆಯುವುದು. ಸಂಜೆ ಮನೆಗೆ ಬಂದರೆ ಹುಬ್ಬು, ಮೀಸೆ, ಕಣ್ಣಿನ ರೆಪ್ಪೆ ಎಲ್ಲ ಬೆಳ್ಳಗೆ. ನಾವು ಹುಡುಗರು "ದೊಡ್ಡಪ್ಪ ಮುದುಕ ಆಗ್ಯಾನ" ಅಂತ ಚಪ್ಪಾಳೆ ಹೊಡೆಯುತ್ತಿದ್ದೆವು. ಆತ ನಮ್ಮನ್ನು ನಗಿಸಲಿಕ್ಕೆ ಕೋಲು ಹಿಡಿದು ಬಾಗಿ ನಡೆಯುತ್ತಿದ್ದ. ಹತ್ತು ವರ್ಷದಲ್ಲಿ ಆಟ ನಿಜವಾಯಿತು. ನಲವತ್ತೆರಡಕ್ಕೆ ಗುಡಿಸಲಿನಿಂದ ಬೇವಿನ ಗಿಡದ ತನಕ ನಡೆದರೆ ಎರಡು ಸಲ ಕುಂದರುತ್ತಿದ್ದ. ರಾತ್ರಿ ಮಲಗಲು ಬರುತ್ತಿರಲಿಲ್ಲ, ಗೋಡೆಗೆ ಒರಗಿ ಕುಂತೇ ಬೆಳಗು ಮಾಡುತ್ತಿದ್ದ. ಆ ಉಸಿರಿನ ಸಪ್ಪಳ ಒಣ ಜೋಳದ ರವದಿ ಎಳೆದ ಹಾಗೆ.

ದವಾಖಾನೆಯಲ್ಲಿ ಟಿ.ಬಿ. ಅಂದರು. ಆರು ತಿಂಗಳ ಗುಳಿಗೆ ನುಂಗಿದ. ಕಡಿಮೆಯಾಗಲಿಲ್ಲ. ಮತ್ತೆ ಟಿ.ಬಿ. ಅಂದರು, ಮತ್ತೆ ನುಂಗಿದ, ಸೂಜಿಯನ್ನೂ ಹಾಕಿಸಿಕೊಂಡ. "ಗುಳಿಗಿ ಬರೊಬ್ಬರಿ ತಗೊಂಡಿಲ್ಲ, ಕುಡಿತಾನ" ಅಂತ ಬೈದವರೂ ಇದ್ದರು. ಎಲ್ಲಿ ದುಡಿದೆ, ಏನು ದುಡಿದೆ, ಎಷ್ಟು ವರ್ಷ ದುಡಿದೆ ಎಂದು ಒಬ್ಬರೂ ಕೇಳಲಿಲ್ಲ. ಆತನ ಚೀಟಿಗಳನ್ನೆಲ್ಲ ನಾನು ಇಟ್ಟುಕೊಂಡಿದ್ದೇನೆ. ಉದ್ಯೋಗ ಎಂಬಲ್ಲಿ ಎಲ್ಲದರಲ್ಲೂ ಒಂದೇ ಮಾತು: ಕೂಲಿ.

ದೊಡ್ಡಪ್ಪ ತೀರಿಕೊಂಡದ್ದು 2004ರಲ್ಲಿ. ಅದೇ ಕ್ವಾರಿಯಲ್ಲಿ ದುಡಿದ ವಡ್ಡರ ಓಣಿಯ ಆತನ ಗೆಳೆಯರಲ್ಲಿ ಈಗ ಯಾರೂ ಉಳಿದಿಲ್ಲ.

ಆ ಧೂಳು ಕಣ್ಣಿಗೆ ಕಾಣುವ ಧೂಳಲ್ಲ. ಕಾಣುವುದು ಮೂಗಿನಲ್ಲಿ, ಗಂಟಲಲ್ಲಿ ನಿಂತು ಕಫದ ಜೊತೆ ಹೊರಗೆ ಬರುತ್ತದೆ. ತಲೆಕೂದಲಿನ ದಪ್ಪದಲ್ಲಿ ಏಳನೇ ಒಂದು ಪಾಲಿಗಿಂತ ಸಣ್ಣ ಕಣ ಮಾತ್ರ ಪುಪ್ಪುಸದ ತಳಕ್ಕೆ ಇಳಿಯುತ್ತದೆ. ಮೈಯೊಳಗಿನ ಕಾವಲು ಕಣಗಳು ಅದನ್ನು ನುಂಗಲು ಹೋಗಿ ತಾವೇ ಸಾಯುತ್ತವೆ. ಸತ್ತಲ್ಲಿ ಗಾಯ, ಗಾಯದ ಮೇಲೆ ಕಲೆ, ಕಲೆಯ ಮೇಲೆ ಗಂಟು. ಪುಪ್ಪುಸ ಮೆಲ್ಲಗೆ ಚಕ್ಕಳವಾಗುತ್ತದೆ. ಕೆಲಸ ಬಿಟ್ಟ ಮೇಲೂ ನಿಲ್ಲದೆ ಮುಂದುವರಿಯಬಹುದು. ಗುಣವಾಗುವ ಔಷಧಿ ಇಲ್ಲ. ಇಂಥ ಪುಪ್ಪುಸದಲ್ಲಿ ಟಿ.ಬಿ. ಸುಲಭವಾಗಿ ಮನೆ ಮಾಡುತ್ತದೆ, ಆದ್ದರಿಂದ ವೈದ್ಯರು ಮೋಸ ಹೋಗುವುದೂ ಸುಲಭ. ಹೆಸರು ಸಿಲಿಕೋಸಿಸ್.

ಹೊಸ ರೋಗವೇನಲ್ಲ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಇದು ದೊಡ್ಡದಾಗಿ ಕಂಡ ಮೇಲೆ ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮ ಮಾಡಿತ್ತು. 1940ರಿಂದ 1946ರ ತನಕ ಅಲ್ಲಿ 7000ಕ್ಕೂ ಮೇಲ್ಪಟ್ಟು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಜನರ ಎದೆಯಲ್ಲಿ ಈ ರೋಗ ಸಿಕ್ಕಿತು. ಗಣಿಯ ಆಳಕ್ಕೆ ಇಳಿದವರಲ್ಲಿ ಬಹಳ ಮಂದಿ ತಮಿಳು, ತೆಲುಗು ಸೀಮೆಯಿಂದ ಬಂದ ನಮ್ಮವರೇ. ಆ ನಿಯಮ ಮೈಸೂರಿನದು. ನಾವಿದ್ದದ್ದು ನಿಜಾಮನ ಸೀಮೆಯಲ್ಲಿ. ಸೀಮೆಗಳು ಒಂದಾಗಿ ಅರ್ಧ ಶತಮಾನ ಆಗುವ ಹೊತ್ತಿಗೂ ಆ ತಿಳಿವಳಿಕೆ ಕೋಲಾರದಿಂದ ನಮ್ಮ ದೊಡ್ಡಪ್ಪನ ಚೀಟಿಯ ತನಕ ಬಂದು ಮುಟ್ಟಲಿಲ್ಲ.

ಗೆಳೆಯರೆ, ಅಮೆರಿಕದ ಒಂದು ಕತೆಯನ್ನು ಇಲ್ಲಿ ಹೇಳಲೇಬೇಕು. ಎಣ್ಣೆ ಬಾವಿಗಿಂತ ಹಳೆಯದು. ವೆಸ್ಟ್ ವರ್ಜೀನಿಯದಲ್ಲಿ ಹಾಕ್ಸ್ ನೆಸ್ಟ್ ಎಂಬ ಜಾಗ. ಅಲ್ಲಿ 1930ರಲ್ಲಿ ಹೊಳೆಯ ನೀರನ್ನು ವಿದ್ಯುತ್ ಮಾಡಲು ಬೆಟ್ಟದೊಳಗೆ ಸುರಂಗ ಕೊರೆಯಲು ಶುರು ಮಾಡಿದರು. ಮಾಡಿಸಿದ್ದು ಯೂನಿಯನ್ ಕಾರ್ಬೈಡ್. ಹೌದು, 1984ರಲ್ಲಿ ಭೋಪಾಲಿನಲ್ಲಿ ನಾವು ಹೆಸರು ಕೇಳಿದ ಅದೇ ಕಂಪನಿ. ಕೊರೆಯುತ್ತ ಹೋದಾಗ ಬೆಟ್ಟದ ಹೊಟ್ಟೆಯಲ್ಲಿ ಸಿಕ್ಕದ್ದು ಬಹಳ ಶುದ್ಧವಾದ ಸಿಲಿಕ. ಕಂಪನಿಯ ಕುಲುಮೆಗೆ ಅದು ಬೇಕಾದ ವಸ್ತು. ಸುರಂಗದ ಆ ಭಾಗವನ್ನು ಇನ್ನೂ ಅಗಲ ಮಾಡಿಸಿದರು. ನೀರು ಹಾಕಿ ಕೊರೆದರೆ ನಿಧಾನ, ಒಣಾ ಕೊರೆಸಿದರು. ಒಳಗೆ ಇಳಿದ ಸುಮಾರು 3000 ಜನರಲ್ಲಿ ಮುಕ್ಕಾಲು ಪಾಲು ದಕ್ಷಿಣದಿಂದ ಕೂಲಿ ಹುಡುಕಿ ಬಂದ ಕಪ್ಪು ಜನ. ಒಳಗಿಂದ ಬರುವಾಗ ಕರಿಯರೂ ಬಿಳಿಯರೂ ಒಂದೇ ಬಣ್ಣ, ಹಿಟ್ಟಿನ ಬಣ್ಣ. ತಪಾಸಣೆಗೆ ಬರುತ್ತಿದ್ದ ಮೇಲಿನವರು ಮೂಗಿಗೆ ಮುಸುಕು ಹಾಕಿಕೊಂಡೇ ಬರುತ್ತಿದ್ದರು ಎಂದು ಬದುಕುಳಿದವರು ಸಾಕ್ಷಿ ಹೇಳಿದ್ದಾರೆ. ನಮ್ಮಲ್ಲಿ ಹತ್ತಿಪ್ಪತ್ತು ವರ್ಷ ಹಿಡಿಯುವ ರೋಗ ಅಲ್ಲಿ ಒಂದೆರಡು ವರ್ಷದಲ್ಲೇ ಕೊಂದಿತು. 1936ರಲ್ಲಿ ಅವರ ಸಂಸತ್ತು ವಿಚಾರಣೆ ನಡೆಸಿ 476 ಸಾವು ಎಂದು ಲೆಕ್ಕ ಹಿಡಿಯಿತು. ಅದಕ್ಕಿಂತ ಬಹಳ ಹೆಚ್ಚು ಎಂದು ಆಮೇಲೆ ಲೆಕ್ಕ ಹಾಕಿದವರಿದ್ದಾರೆ. ಹೆಣ ಹೂಳುವ ಮಾತು ಬಂದಾಗ ಬಿಳಿಯರ ಸ್ಮಶಾನದಲ್ಲಿ ಕಪ್ಪು ಜನರಿಗೆ ಜಾಗ ಇರಲಿಲ್ಲ. ಎಷ್ಟೋ ಹೆಣಗಳನ್ನು ದೂರದ ಒಂದು ಹೊಲಕ್ಕೆ ಒಯ್ದು ಗುರುತಿಲ್ಲದೆ ಹೂಳಿದರು.

ಇದನ್ನು ಓದಿದ ದಿನ ನನಗೆ ಅಮೆರಿಕ ದೂರದ ದೇಶ ಅನಿಸಲಿಲ್ಲ. ಸ್ಮಶಾನಕ್ಕೆ ಜಾಗ ಕೊಡಿ ಎಂದು ತಹಶೀಲ್ದಾರರಿಗೆ ಅರ್ಜಿ ಬರೆದು ಬರೆದು ನನ್ನ ಅಕ್ಷರ ದುಂಡಗಾಗಿದೆ.

ಎಣ್ಣೆ ಬಾವಿಯವರಾದರೂ ಆ ಪಾಠ ಕಲಿತರೇ ಎಂದರೆ, ಇಲ್ಲ. ಅಲ್ಲಿನ ಸರಕಾರಿ ಆರೋಗ್ಯ ಸಂಸ್ಥೆ ಐದು ರಾಜ್ಯಗಳ 11 ಬಾವಿಗಳಲ್ಲಿ ಕಾರ್ಮಿಕರು ಉಸಿರಾಡುವ ಗಾಳಿಯ 116 ಮಾದರಿ ತೆಗೆದು ನೋಡಿತು. ಹೆಚ್ಚು ಕಡಿಮೆ ಅರ್ಧ ಮಾದರಿಗಳಲ್ಲಿ ಸಿಲಿಕ ಕಾಯಿದೆಯ ಮಿತಿ ಮೀರಿತ್ತು. ಲಾರಿಯಿಂದ ಉಸುಕು ಸುರಿಯುವಲ್ಲಿ ಏಳುವ ಧೂಳೇ ಕಾರಣ. 2012ರಲ್ಲಿ ಎಚ್ಚರಿಕೆ ಹೊರಡಿಸಿದರು. 2016ರಲ್ಲಿ ಮಿತಿಯನ್ನು ಬಿಗಿ ಮಾಡಿದರು. ಅಷ್ಟಾದರೂ ಅಳೆದರು. ನಮ್ಮ ಕಡೆಯ ಖಡಿ ಮಷಿನ್ನಿನ ಮುಂದೆ ಗಾಳಿ ಅಳೆಯುವ ಡಬ್ಬಿ ಇಟ್ಟದ್ದನ್ನು ನಾನಂತೂ ಕಂಡಿಲ್ಲ.

ಗುಜರಾತಿನ ಗೋಧ್ರಾ ಕಡೆಯ ಬೆಣಚು ಅರೆಯುವ ಕಾರಖಾನೆಗಳಿಗೆ ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ, ಧಾರ್ ಕಡೆಯ ಆದಿವಾಸಿಗಳು ದುಡಿಯಲು ಹೋದರು. ಹಳ್ಳಿಗೆ ಮರಳಿದ ಮೇಲೆ ಒಬ್ಬೊಬ್ಬರೇ ಸತ್ತರು. ಸತ್ತದ್ದು ಒಂದು ರಾಜ್ಯದಲ್ಲಿ, ಧೂಳು ಕುಡಿದದ್ದು ಇನ್ನೊಂದು ರಾಜ್ಯದಲ್ಲಿ, ಯಾರು ಜವಾಬ್ದಾರರು? ಮಾನವ ಹಕ್ಕುಗಳ ಆಯೋಗ 2010ರಲ್ಲಿ, ಸುಪ್ರೀಂ ಕೋರ್ಟು 2016ರಲ್ಲಿ ಹೇಳಿದ ಮೇಲೆ 238 ಮೃತರ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಕೊಡಬೇಕು ಎಂದಾಯಿತು. ರಾಜಸ್ಥಾನ ಸರಕಾರ 2019ರಲ್ಲಿ ಸಿಲಿಕೋಸಿಸ್ ನೀತಿಯನ್ನೇ ತಂದಿತು. ರೋಗ ಇದೆ ಎಂದು ಪ್ರಮಾಣಪತ್ರ ಸಿಕ್ಕವನಿಗೆ 3 ಲಕ್ಷ, ಸತ್ತರೆ ಕುಟುಂಬಕ್ಕೆ ಇನ್ನೂ 2 ಲಕ್ಷ, ತಿಂಗಳಿಗೆ ಪಿಂಚಣಿ. ಯಾರೋ ಕರುಣೆಯಿಂದ ಕೊಟ್ಟದ್ದಲ್ಲ, ಅಲ್ಲಿನ ಗಣಿ ಕೂಲಿಕಾರರು ವರ್ಷಗಟ್ಟಲೆ ಬೆನ್ನು ಹತ್ತಿ ಪಡೆದದ್ದು.

ಕಾಗದದ ಮೇಲೆ ನಮಗೂ ಹಕ್ಕಿದೆ. 1923ರ ಪರಿಹಾರ ಕಾಯಿದೆ, 1948ರ ಕಾರಖಾನೆ ಕಾಯಿದೆ, 1952ರ ಗಣಿ ಕಾಯಿದೆ, ಇವುಗಳ ಅಡಿಯಲ್ಲೆಲ್ಲ ಸಿಲಿಕೋಸಿಸ್ ದುಡಿಮೆಯಿಂದ ಬರುವ ರೋಗ ಎಂದೇ ಎಣಿಕೆಯಾಗಿತ್ತು. ಅವನ್ನೆಲ್ಲ ಕಲೆಸಿ 2020ರಲ್ಲಿ ಬರೆದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ ರೋಗದ ಹೆಸರಿದೆ. ವೈದ್ಯ ಇದನ್ನು ಕಂಡರೆ ಸರಕಾರಕ್ಕೆ ತಿಳಿಸಬೇಕು. ಕಾಣಬೇಕಲ್ಲ! ಕಾಣಬೇಕಾದರೆ ಕೇಳಬೇಕು.

ಕಲ್ಲಿನ ಕಡೆಗೆ ಮಾತ್ರ ಸರಕಾರದ ಕಣ್ಣು ಚೆನ್ನಾಗಿದೆ. 2015ರಲ್ಲಿ ಕೇಂದ್ರ ಸರಕಾರ ಬೆಣಚುಕಲ್ಲು, ಸಿಲಿಕ ಉಸುಕು ಸೇರಿ 31 ಖನಿಜಗಳನ್ನು ಕಿರು ಖನಿಜದ ಪಟ್ಟಿಗೆ ಇಳಿಸಿತು. 2025ರ ಫೆಬ್ರವರಿಯಲ್ಲಿ ಬೆಣಚುಕಲ್ಲನ್ನು ಆ ಪಟ್ಟಿಯಿಂದ ಎತ್ತಿ ಮತ್ತೆ ಪ್ರಧಾನ ಖನಿಜ ಮಾಡಿತು. ಹತ್ತು ವರ್ಷದಲ್ಲಿ ಕಲ್ಲಿಗೆ ಬಡ್ತಿ ಸಿಕ್ಕಿತು. ಅದನ್ನು ಒಡೆಯುವವನ ಚೀಟಿಯಲ್ಲಿ ಇನ್ನೂ ಕೂಲಿ ಎಂದೇ ಇದೆ.

ಈ ಪತ್ರಿಕೆ ಓದುವವರಲ್ಲಿ ಹಳ್ಳಿ ಶಾಲೆಯ ಮೇಷ್ಟ್ರುಗಳು ಬಹಳ ಇದ್ದೀರಿ. ಯಾವ ಹುಡುಗನ ಅಪ್ಪ ಖಡಿ ಮಷಿನ್ನಿಗೆ ಹೋಗುತ್ತಾನೆ, ಯಾರ ಅವ್ವ ಕ್ವಾರಿಯಲ್ಲಿ ಕಲ್ಲು ಹೊರುತ್ತಾಳೆ, ಎಷ್ಟು ವರ್ಷದಿಂದ, ನಿಮಗೆ ಗೊತ್ತಿರುತ್ತದೆ. ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ಗುತ್ತೇದಾರನ ಮಸ್ಟರಿನಲ್ಲಿ ಅವರ ಹೆಸರು ಇರುವುದಿಲ್ಲ. ಮಷಿನ್ನು ಇವತ್ತು ಇಲ್ಲಿ ಇರುತ್ತದೆ, ನಾಳೆ ಬೇರೆ ಹೆಸರಿನಲ್ಲಿ ಬೇರೆ ಗುಡ್ಡಕ್ಕೆ ಹೋಗಿರುತ್ತದೆ. ರೋಗ ಬರುವ ಹೊತ್ತಿಗೆ, ಇವನು ಇಲ್ಲಿ ದುಡಿದಿದ್ದ ಎನ್ನಲಿಕ್ಕೆ ನಿಮ್ಮ ನೋಟುಬುಕ್ಕು ಒಂದೇ ಸಾಕ್ಷಿ ಆದೀತು.

ನಾನು ಬರೆಯಲು ಶುರು ಮಾಡಿದ್ದೇನೆ. ಈ ತನಕ 23 ಹೆಸರು. ಅದರಲ್ಲಿ ಏಳನೆಯದು ನಮ್ಮ ಚಿಕ್ಕವ್ವನ ಮಗನದು, ಮೂವತ್ತೊಂದು ವರ್ಷ. ಮೂರು ತಿಂಗಳಿಂದ ಕೆಮ್ಮು. ಕಫ ಎರಡು ಸಲ ನೋಡಿದರು, ಟಿ.ಬಿ. ಹುಳ ಸಿಗಲಿಲ್ಲ. ಹೋದ ವಾರ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಚೀಟಿ ಬರೆಯುವ ಹುಡುಗ ಉದ್ಯೋಗ ಏನು ಎಂದ. ನಮ್ಮವನು ರೂಢಿಯಂತೆ "ಕೂಲಿರಿ" ಅಂದ.

"ಕೂಲಿ ಅಂತ ಬರೀಬ್ಯಾಡ್ರಿ ತಮ್ಮಾ" ಅಂದೆ. "ಖಡಿ ಮಷಿನ್, ಒಂಬತ್ತು ವರ್ಷ ಅಂತ ಬರೀರಿ."

"ಅಷ್ಟು ಜಾಗ ಇಲ್ರಿ ಸರ ಇಲ್ಲಿ."

"ಬಾಜೂಕ ಬರೀರಿ."

ಬರೆದ. ಒಳಗೆ ಕುಂತಿದ್ದ ಡಾಕ್ಟರಮ್ಮ ಚೀಟಿ ನೋಡಿದರು, ಆತನ ಮುಖ ನೋಡಿದರು, ಮತ್ತೆ ಚೀಟಿ ನೋಡಿದರು. ಎದೆಯ ಫೋಟೋ ತೆಗೆಸಲು ಬರೆದುಕೊಟ್ಟು, ಅದನ್ನು ತೆಗೆದುಕೊಂಡು ಸೋಮವಾರ ರಾಯಚೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಅಂದರು. ಬಸ್ಸಿನ ದುಡ್ಡಿನದೇನೂ ತೊಂದರೆ ಇಲ್ಲ. ಸೋಮವಾರದ ಪಗಾರ ಹೋಗುತ್ತದೆ ಎಂದು ಅವನು ಇನ್ನೂ ಹ್ಞೂಂ ಅಂದಿಲ್ಲ.